ಚಳಿಗಾಲದ ಒಣಗಾಳಿಯೂ ಸಿಗಾರಿನ ಹದವೂ

ಅಮೆರಿಕ ಸಂಯುಕ್ತ ಸಂಸ್ಥಾನದ ಶಿಕಾಗೊ ನಗರದಲ್ಲಿ ಜನವರಿ ತಿಂಗಳೆಂದರೆ ಹಿಮದ ಕಾಲ. ಉಷ್ಣತೆಯು ಸೊನ್ನೆಗಿಂತ 10 ಸೆಂಟಿಗ್ರೇಡ್ ಡಿಗ್ರಿಗಳಷ್ಟು ಕೆಳಗಿಳಿಯುವುದು ಅಲ್ಲಿ ಸಾಮಾನ್ಯ ಸಂಗತಿ. ಬೀದಿಯಲ್ಲಿ, ಮಾಡಿನ ಮೇಲೆ, ಎಲೆಯುದುರಿದ ಮರಗಳ ಕೊಂಬೆಗಳ ಮೇಲೆ, ಎಲ್ಲೆಲ್ಲಿಯೂ ನೀರು ಘನರೂಪದಲ್ಲಿ ಬಿದ್ದುಕೊಂಡಿರುತ್ತದೆ. ಇಂಥ ಊರಿನ ಬೆಚ್ಚನೆಯ ಮನೆಯೊಂದರಲ್ಲಿ, ಡೊಮಿನಿಕನ್ ಗಣರಾಜ್ಯದಿಂದಲೋ ನಿಕರಾಗುವದಿಂದಲೋ ಬಂದ ಒಳ್ಳೆಯ ಸಿಗಾರೊಂದನ್ನು ಮೇಜಿನ ಮೇಲೆ ತೆರೆದಿಟ್ಟು ಒಂದು ವಾರ ಕಳೆದ ಮೇಲೆ ನೋಡಿದರೆ, ಅದರ ಹೊರಹೊದಿಕೆ ಬಿರುಕು ಬಿಟ್ಟಿರುತ್ತದೆ. ಬೆರಳುಗಳ ನಡುವೆ ಮೆಲ್ಲನೆ ಒತ್ತಿದರೆ ತರಗೆಲೆಯಂತೆ ಸದ್ದು ಮಾಡುತ್ತದೆ. ಸುತ್ತಲೂ ಹಿಮ ತುಂಬಿರುವಾಗ ಮನೆಯೊಳಗೆ ಈ ಬರಗಾಲ ಎಲ್ಲಿಂದ ಬಂದಿತು? ಅದರಿಂದ ಎಲೆಯನ್ನು ಕಾಪಾಡುವ ಬಗೆ ಹೇಗೆ? ಈ ಎರಡು ಪ್ರಶ್ನೆಗಳನ್ನು ನಾವು ಇಲ್ಲಿ ವಿಚಾರಮಾಡೋಣ.

ಮೊದಲಿಗೇ ಒಂದು ಮಾತು. ಹೊಗೆಸೊಪ್ಪಿನ ಸೇವನೆ ಆರೋಗ್ಯಕ್ಕೆ ಹಾನಿಕರವೆಂಬುದರಲ್ಲಿ ಈಗ ಸಂದೇಹಕ್ಕೆ ಎಡೆಯಿಲ್ಲ. ಸಿಗಾರಿನ ಹೊಗೆಯನ್ನು ಎದೆಯೊಳಕ್ಕೆ ಎಳೆದುಕೊಳ್ಳುವುದಿಲ್ಲವಾದುದರಿಂದ ಅದು ನಿರಪಾಯಕರವೆಂಬ ಹಳೆಯ ನಂಬಿಕೆಯೂ ನಿಲ್ಲಲಾರದು. ಬಾಯಿ, ಗಂಟಲು, ಶ್ವಾಸಕೋಶಗಳ ಕ್ಯಾನ್ಸರಿಗೆ ಅದೂ ಕಾರಣವಾಗುತ್ತದೆ. ಆ ಅಭ್ಯಾಸವನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಸುತ್ತಲಿನ ಗಾಳಿಯ ತೇವದಲ್ಲಾಗುವ ಅಲ್ಪ ವ್ಯತ್ಯಾಸಕ್ಕೂ ಓಗೊಡುವ ವಸ್ತುಗಳಲ್ಲಿ ಹೊಗೆಸೊಪ್ಪು ಮುಖ್ಯವಾದುದು. ಅದರ ಹದವನ್ನು ಕಾಯುವ ವಿದ್ಯೆಯನ್ನು ತಿಳಿದವನು ಮರದ ವೀಣೆಯನ್ನೂ ಹಳೆಯ ಹೊತ್ತಗೆಯನ್ನೂ ಕಾಯಬಲ್ಲನು. ತನ್ನ ಗಂಟಲು ಚಳಿಗಾಲದಲ್ಲಿ ಏಕೆ ಒಣಗುತ್ತದೆಂಬುದನ್ನೂ ಅರಿಯಬಲ್ಲನು.

ಎಲೆಯ ಸ್ವಭಾವ

ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುವುದನ್ನೂ ಬೇಸಗೆಯಲ್ಲಿ ಬಾಗಿಲಿನ ಹಲಗೆಗಳ ನಡುವೆ ಸಂದು ಕಾಣಿಸಿಕೊಳ್ಳುವುದನ್ನೂ ನಾವೆಲ್ಲ ಕಂಡಿದ್ದೇವೆ. ಗಾಳಿಯಿಂದ ತೇವವನ್ನು ಹೀರಿಕೊಂಡು, ಗಾಳಿ ಒಣಗಿದಾಗ ಅದನ್ನು ಹಿಂದಕ್ಕೆ ಬಿಟ್ಟುಕೊಡುವ ಇಂಥ ವಸ್ತುಗಳನ್ನು ಆರ್ದ್ರಗ್ರಾಹಿಗಳೆಂದು ಕರೆಯಬಹುದು. ಹೊಗೆಸೊಪ್ಪು ಇವುಗಳಲ್ಲಿ ಒಂದು. ಎಲೆಯ ನಾರಿನಲ್ಲಿರುವ ಸೆಲ್ಯುಲೋಸ್ ಮತ್ತು ಪೆಕ್ಟಿನ್ ಎಂಬ ದ್ರವ್ಯಗಳ ಅಣುಗಳು ನೀರಿನ ಅಣುಗಳನ್ನು ತಮ್ಮತ್ತ ಸೆಳೆದು ಹಿಡಿದುಕೊಳ್ಳುತ್ತವೆ. ಆದರೆ ಈ ಹಿಡಿತ ಶಾಶ್ವತವಲ್ಲ. ಪ್ರತಿ ಕ್ಷಣದಲ್ಲಿಯೂ ಕೆಲವು ಅಣುಗಳು ಎಲೆಯನ್ನು ಬಿಟ್ಟು ಗಾಳಿಗೆ ಸೇರುತ್ತಿರುತ್ತವೆ. ಕೆಲವು ಗಾಳಿಯಿಂದ ಎಲೆಗೆ ಬಂದು ಅಂಟಿಕೊಳ್ಳುತ್ತಿರುತ್ತವೆ. ಹೋಗುವವೂ ಬರುವವೂ ಸಮವಾದಾಗ ಎಲೆಯ ತೇವ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಈ ಸ್ಥಿತಿಯೇ ಸಮತೋಲ.

ಈ ಗುಣವು ನಮ್ಮ ನಾಡಿನ ದುಡಿಯುವ ಜನರಿಗೆ ಹೊಸದಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಕಡೆಯಲ್ಲಿ ಹೊಗೆಸೊಪ್ಪನ್ನು ಬ್ಯಾರನ್‌ಗಳಲ್ಲಿ ಬಿಸಿಗಾಳಿಯಿಂದ ಹದಗೊಳಿಸಿದಾಗ ಎಲೆ ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುತ್ತದೆ. ಆಗ ರೈತರು ಬ್ಯಾರನ್ನಿನ ಬಾಗಿಲುಗಳನ್ನು ತೆರೆದು, ರಾತ್ರಿಯ ತಂಪುಗಾಳಿಯ ತೇವವನ್ನು ಎಲೆ ಹೀರಿಕೊಂಡು ಮೆತ್ತಗಾಗುವವರೆಗೆ ಕಾಯುತ್ತಾರೆ. ಆಮೇಲೆಯೇ ಅದನ್ನು ಇಳಿಸುತ್ತಾರೆ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಹೆಂಗಸರು ಬೀಡಿ ಎಲೆಯನ್ನು ಕತ್ತರಿಸುವ ಮುನ್ನ ನೀರಿನಲ್ಲಿ ನೆನೆಸುತ್ತಾರೆ. ಒಣ ಎಲೆಯನ್ನು ಸುರುಳಿ ಸುತ್ತಲು ಹೋದರೆ ಅದು ಸೀಳುವುದೆಂಬುದು ಅವರಿಗೆ ಗೊತ್ತು. ‘ಹದ’ವೆಂಬ ನಮ್ಮ ಒಂದೇ ಮಾತಿನಲ್ಲಿ ಈ ತಿಳಿವಳಿಕೆಯೆಲ್ಲ ಅಡಗಿದೆ. ಅದನ್ನು ಅಂಕಿಗಳಲ್ಲಿ ಹೇಳುವುದಷ್ಟೇ ಭೌತಶಾಸ್ತ್ರದ ಕೆಲಸ.

ಸಿಗಾರಿನ ರಚನೆಯಲ್ಲಿ ಮೂರು ಭಾಗಗಳುಂಟು. ಒಳಗೆ ಉದ್ದುದ್ದವಾಗಿ ಮಡಿಸಿಟ್ಟ ತಿರುಳೆಲೆಗಳು. ಅವುಗಳನ್ನು ಬಿಗಿಹಿಡಿಯುವ ಕಟ್ಟೆಲೆ. ಎಲ್ಲಕ್ಕೂ ಹೊರಗೆ ತೆಳ್ಳಗೆ ನುಣುಪಾಗಿ ಸುತ್ತಿದ ಹೊದಿಕೆ. ಎಲೆಗಳನ್ನು ಒಣಗಿಸಿ, ರಾಶಿ ಹಾಕಿ, ರಾಶಿಯೊಳಗೆ ತಾನಾಗಿಯೇ ಹುಟ್ಟುವ ಕಾವಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ, ಆ ಬಳಿಕ ನುರಿತ ಕೈಗಳಿಂದ ಸುತ್ತಿಸುತ್ತಾರೆ. ಈ ಕೆಲಸ ಹೆಸರಾಗಿರುವುದು ಕ್ಯೂಬಾ ಮತ್ತು ಅದರ ನೆರೆಯ ನಾಡುಗಳಲ್ಲಿ. ಕ್ಯೂಬಾದ ರಾಜಧಾನಿ ಹವಾನಾ ಕಡಲ ತಡಿಯಲ್ಲಿದೆ. ಅಲ್ಲಿಯ ಗಾಳಿ ವರ್ಷವಿಡೀ ತೇವದಿಂದ ಕೂಡಿರುವುದರಿಂದ ಎಲೆಯ ಹದ ಬಹುಮಟ್ಟಿಗೆ ಸಹಜವಾಗಿಯೇ ಉಳಿಯುತ್ತದೆ. ತೊಂದರೆ ಹುಟ್ಟುವುದು ಈ ಎಲೆ ಹಡಗನ್ನೋ ವಿಮಾನವನ್ನೋ ಏರಿ ಶೀತದೇಶಗಳ ಮನೆಗಳನ್ನು ಸೇರಿದಾಗ.

ಗಾಳಿಯ ದಾಹ

ಒಂದು ಘನಮೀಟರು ಜಾಗದಲ್ಲಿ ಎಷ್ಟು ನೀರಾವಿ ಇರಬಲ್ಲುದೆಂಬುದು ಉಷ್ಣತೆಯನ್ನು ಅವಲಂಬಿಸಿದೆ. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ಇರಬಹುದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ. ಸೊನ್ನೆ ಡಿಗ್ರಿಯಲ್ಲಿ 5 ಗ್ರಾಂಗೂ ಸ್ವಲ್ಪ ಕಡಮೆ. ಸೊನ್ನೆಗಿಂತ 10 ಡಿಗ್ರಿ ಕೆಳಗೆ ಎರಡೂವರೆ ಗ್ರಾಂ ಕೂಡ ಇಲ್ಲ. ಇದಕ್ಕಿಂತ ಹೆಚ್ಚಾದುದು ಮಂಜಾಗಿಯೋ ಇಬ್ಬನಿಯಾಗಿಯೋ ಹಿಮವಾಗಿಯೋ ಬೇರ್ಪಡುತ್ತದೆ. ‘ಬಿಸಿಗಾಳಿ ಹೆಚ್ಚು ನೀರನ್ನು ಹಿಡಿಯುತ್ತದೆ’ ಎಂದು ರೂಢಿಯಲ್ಲಿ ಹೇಳುವುದುಂಟು. ನಿಜವಾಗಿ ನೋಡಿದರೆ ಗಾಳಿ ಸ್ಪಂಜಿನಂತೆ ಏನನ್ನೂ ಹಿಡಿದುಕೊಂಡಿರುವುದಿಲ್ಲ. ಬೆರೆತ ಅನಿಲಗಳಲ್ಲಿ ಒಂದೊಂದೂ ಇತರ ಅನಿಲಗಳು ಇಲ್ಲವೋ ಎಂಬಂತೆ ತನ್ನ ಪಾಲಿನ ಒತ್ತಡವನ್ನು ಬೀರುತ್ತದೆಂದು ಇಂಗ್ಲೆಂಡಿನ ಜಾನ್ ಡಾಲ್ಟನ್ನನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿಯೇ ತಿಳಿಸಿದನು. ನೀರಾವಿಯ ಗರಿಷ್ಠ ಪ್ರಮಾಣವನ್ನು ನಿರ್ಧರಿಸುವುದು ಉಷ್ಣತೆಯೇ ಹೊರತು ಗಾಳಿಯಲ್ಲ. ಈ ಎಚ್ಚರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾವೂ ರೂಢಿಯ ಮಾತನ್ನೇ ಬಳಸೋಣ.

ಇರಬಹುದಾದ ಗರಿಷ್ಠ ನೀರಾವಿಯಲ್ಲಿ ಈಗ ಇರುವುದು ಶೇಕಡಾ ಎಷ್ಟು ಎಂಬುದಕ್ಕೆ ಸಾಪೇಕ್ಷ ಆರ್ದ್ರತೆಯೆಂದು ಹೆಸರು. ಎಲೆಯ ತೇವವನ್ನು ನಿರ್ಧರಿಸುವುದು ಮುಖ್ಯವಾಗಿ ಈ ಶೇಕಡಾ ಅಂಕಿಯೇ. ಗಾಳಿಯಲ್ಲಿರುವ ನೀರಿನ ತೂಕವಲ್ಲ. ಸಾಪೇಕ್ಷ ಆರ್ದ್ರತೆ ಕಡಮೆಯಾದಷ್ಟೂ ಗಾಳಿಯ ದಾಹ ಹೆಚ್ಚು.

ಈಗ ಶಿಕಾಗೊದ ಮನೆಗೆ ಹಿಂತಿರುಗೋಣ. ಹೊರಗಿನ ಗಾಳಿ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದು, ಇರಬಹುದಾದಷ್ಟೂ ನೀರಾವಿಯಿಂದ ತುಂಬಿದೆಯೆಂದೇ ಭಾವಿಸೋಣ. ಅಂದರೆ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 100. ಆದರೂ ಘನಮೀಟರಿಗೆ ಇರುವುದು ಎರಡೂವರೆ ಗ್ರಾಂಗಿಂತ ಕಡಮೆ ನೀರು. ಈ ಗಾಳಿ ಬಾಗಿಲು ಕಿಟಕಿಗಳ ಸಂದಿನಿಂದ ಒಳಕ್ಕೆ ಬಂದು 20 ಡಿಗ್ರಿಯವರೆಗೆ ಕಾಯುತ್ತದೆ. ಕಾದ ಮಾತ್ರಕ್ಕೆ ಅದಕ್ಕೆ ನೀರು ಸೇರಲಿಲ್ಲ. ಹಿಗ್ಗಿದುದರಿಂದ ಘನಮೀಟರಿಗೆ ಬರುವ ಪಾಲು ಸ್ವಲ್ಪ ತಗ್ಗಿತು ಕೂಡ. ಆದರೆ ಈಗ ಇರಬಹುದಾದುದು 17 ಗ್ರಾಂ! ಭಾಗಿಸಿ ನೋಡಿದರೆ ಸಾಪೇಕ್ಷ ಆರ್ದ್ರತೆ ಶೇಕಡಾ 13ರ ಸುಮಾರಿಗೆ ಇಳಿದಿರುತ್ತದೆ. ಅಡುಗೆ, ಸ್ನಾನ, ಮನೆಯವರ ಉಸಿರು ಇವುಗಳಿಂದ ಅದು ಕೊಂಚ ಏರಬಹುದು. ಏರಿ 20ರ ಆಸುಪಾಸಿನಲ್ಲಿ ನಿಂತರೂ ಅದು ಮರುಭೂಮಿಯ ಗಾಳಿಗೆ ಸಮಾನವೇ. ಮನೆಯನ್ನು ಕಾಯಿಸುವ ಯಂತ್ರ ನೀರನ್ನು ತೆಗೆದುಹಾಕುವುದಿಲ್ಲ. ಗಾಳಿಯ ದಾಹವನ್ನು ಹೆಚ್ಚಿಸುತ್ತದೆ, ಅಷ್ಟೆ. ಹಿಮದ ನಡುವೆ ಬರಗಾಲ ಬಂದುದರ ಗುಟ್ಟು ಇದು.

ಹಾಗಾದರೆ ಇಡೀ ಕೋಣೆಯ ಗಾಳಿಗೇ ನೀರಾವಿಯನ್ನು ತುಂಬಬಾರದೆ ಎಂದು ಕೇಳಬಹುದು. ಸ್ವಲ್ಪಮಟ್ಟಿಗೆ ಸಾಧ್ಯ, ಆದರೆ ಕಿಟಕಿಯ ಗಾಜು ಅಡ್ಡಬರುತ್ತದೆ. ಹೊರಗಿನ ಚಳಿಗೆ ತಣ್ಣಗಾದ ಗಾಜಿನ ಮೇಲೆ ನೀರು ಬೆವರಿ, ಹೆಪ್ಪುಗಟ್ಟಿ, ಚೌಕಟ್ಟಿನ ಮರ ಕೊಳೆಯತೊಡಗುತ್ತದೆ. ಸಿಗಾರಿಗೆ ಬೇಕಾದ ತೇವವನ್ನು ಶೀತದೇಶದ ಮನೆ ಸಹಿಸಲಾರದು. ಆದುದರಿಂದ ಸಿಗಾರಿಗೆ ತನ್ನದೇ ಆದ ಪುಟ್ಟ ಹವೆಯೊಂದನ್ನು ಪೆಟ್ಟಿಗೆಯೊಳಗೆ ಕಟ್ಟಿಕೊಡಬೇಕಾಗುತ್ತದೆ.

ಒಣಗಿದರೆ ಕೆಡುವುದೇನು?

ಶೇಕಡಾ 65ರಿಂದ 72ರವರೆಗಿನ ಸಾಪೇಕ್ಷ ಆರ್ದ್ರತೆ ಸಿಗಾರಿಗೆ ಹಿತವೆಂದು ಬಲ್ಲವರು ಗೊತ್ತುಮಾಡಿದ್ದಾರೆ. ಆಗ ಅದರ ತೂಕದಲ್ಲಿ ಸುಮಾರು ಎಂಟನೆಯ ಒಂದು ಪಾಲು ನೀರಾಗಿರುತ್ತದೆ. ಈ ನೀರು ಹಲವು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದಾಗಿ, ನಾರುಗಳ ನಡುವೆ ಸೇರಿ ಎಲೆಗೆ ಬಾಗುವ ಗುಣವನ್ನು ಕೊಡುತ್ತದೆ. ಎರಡನೆಯದಾಗಿ, ಉರಿಯ ವೇಗವನ್ನು ತಡೆಯುತ್ತದೆ. ನೀರು ಆವಿಯಾಗಲು ಬಹಳ ಶಾಖ ಬೇಕಾಗುವುದರಿಂದ ಕೆಂಡದ ಕಾವಿನ ಒಂದು ಭಾಗ ಅದಕ್ಕೆ ವೆಚ್ಚವಾಗುತ್ತದೆ. ಒಣಗಿದ ಸಿಗಾರು ಬೇಗನೆ, ಬಿಸಿಯಾಗಿ ಉರಿದು ಹೊಗೆಯನ್ನು ಕಟುವಾಗಿಸುತ್ತದೆ. ಮೂರನೆಯದಾಗಿ, ಎಲೆಯ ಪರಿಮಳಕ್ಕೆ ಕಾರಣವಾದ ಹಗುರ ತೈಲಗಳು ಎಲೆ ಬಹುಕಾಲ ಒಣಗಿದ್ದಾಗ ಹಾರಿಹೋಗುತ್ತವೆ. ನೀರನ್ನು ಮರಳಿ ಕೊಡಬಹುದು. ಹಾರಿಹೋದ ತೈಲವನ್ನು ಕೊಡಲಾಗದು.

ಬಿರುಕಿಗೆ ಕಾರಣ ಮತ್ತೂ ಸ್ವಾರಸ್ಯಕರವಾಗಿದೆ. ತೇವ ಹೋದಂತೆ ಎಲೆ ಕುಗ್ಗುತ್ತದೆ. ಆದರೆ ಮೂರು ಪದರಗಳೂ ಒಟ್ಟಿಗೆ ಕುಗ್ಗುವುದಿಲ್ಲ. ಗಾಳಿಗೆ ತಾಗಿರುವ ಹೊದಿಕೆ ಮೊದಲು ಒಣಗುತ್ತದೆ. ಒಳಗಿನ ತಿರುಳು ಇನ್ನೂ ಹಸಿಯಾಗಿಯೇ ಇರುತ್ತದೆ. ಬೆಳೆಯುವ ಮಗುವಿಗೆ ಹಳೆಯ ಅಂಗಿ ತೊಡಿಸಿದಂತೆ, ಕುಗ್ಗಿದ ಹೊದಿಕೆ ಕುಗ್ಗದ ತಿರುಳಿನ ಮೇಲೆ ಬಿಗಿದು ಕೊನೆಗೆ ಸೀಳುತ್ತದೆ. ಅತಿ ತೇವವಾದರೂ ಇದೇ ಅನಾಹುತ ಇನ್ನೊಂದು ದಾರಿಯಲ್ಲಿ ಬರುತ್ತದೆ: ತಿರುಳು ಉಬ್ಬಿ ಹೊದಿಕೆಯನ್ನು ಒಡೆಯುತ್ತದೆ, ಬೆಂಕಿ ನಿಲ್ಲದು, ಬೂಷ್ಟು ಹಿಡಿಯುತ್ತದೆ. ಹದವೆಂಬುದು ಎರಡು ಕೇಡುಗಳ ನಡುವಣ ಕಿರಿದಾದ ದಾರಿ.

ಪೆಟ್ಟಿಗೆಯೊಳಗಿನ ಲೆಕ್ಕ

ಈ ಕೆಲಸಕ್ಕೆಂದೇ ಮಾಡಿದ ಪೆಟ್ಟಿಗೆಯನ್ನು ಹ್ಯೂಮಿಡಾರ್ ಎನ್ನುತ್ತಾರೆ. ಅದರ ಒಳಹಲಗೆಗೆ ಬಳಸುವ ಮರಕ್ಕೆ ‘ಸ್ಪ್ಯಾನಿಷ್ ಸೀಡರ್’ ಎಂದು ಹೆಸರು. ಆದರೆ ಅದು ಸ್ಪೇನಿನದೂ ಅಲ್ಲ, ಸೀಡರ್ ಮರವೂ ಅಲ್ಲ. ಅಮೆರಿಕ ಖಂಡದ ಉಷ್ಣವಲಯದಲ್ಲಿ ಬೆಳೆಯುವ, ನಮ್ಮ ಬೇವಿನ ಕುಟುಂಬಕ್ಕೇ ಸೇರಿದ ಸೆಡ್ರೆಲಾ ಒಡೊರಾಟ ಎಂಬ ಮರ. ತೇವವನ್ನು ಹೀರಿದಾಗ ಅದು ಹೆಚ್ಚು ಸೊಟ್ಟಗಾಗುವುದಿಲ್ಲ. ಅದರ ಸುವಾಸನೆಯೂ ಎಲೆಗೆ ಒಗ್ಗುತ್ತದೆ.

ಪೆಟ್ಟಿಗೆಯಲ್ಲಿ ನೀರು ಎಲ್ಲಿದೆಯೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಒಳಗಿನ ಅಳತೆ 30 ಸೆಂಟಿಮೀಟರು ಉದ್ದ, 20 ಅಗಲ, 10 ಎತ್ತರ ಎಂದಿಟ್ಟುಕೊಂಡರೆ ಅದರಲ್ಲಿ 6 ಲೀಟರು ಗಾಳಿಗೆ ಎಡೆಯುಂಟು. 20 ಡಿಗ್ರಿಯಲ್ಲಿ, ಶೇಕಡಾ 70ರ ಆರ್ದ್ರತೆಯಲ್ಲಿ, ಈ ಗಾಳಿಯಲ್ಲಿರುವ ನೀರು ಸುಮಾರು 70 ಮಿಲಿಗ್ರಾಂ, ಅಂದರೆ ಒಂದೆರಡು ಹನಿ. ಪೆಟ್ಟಿಗೆಯಲ್ಲಿ ತಲಾ 10 ಗ್ರಾಂ ತೂಗುವ 25 ಸಿಗಾರುಗಳಿದ್ದರೆ ಅವುಗಳಲ್ಲಿರುವ ನೀರು ಸುಮಾರು 30 ಗ್ರಾಂ. ಗಾಳಿಯಲ್ಲಿರುವುದರ ನಾನ್ನೂರು ಪಾಲಿಗಿಂತಲೂ ಹೆಚ್ಚು! ಒಳಹಲಗೆಯ ಮರದಲ್ಲಿಯೂ ಗ್ರಾಂಗಟ್ಟಲೆ ನೀರುಂಟು.

ಈ ಲೆಕ್ಕದಿಂದ ಮೂರು ಪಾಠಗಳು ದೊರೆಯುತ್ತವೆ. ಒಂದು, ದಿನಕ್ಕೊಮ್ಮೆ ಮುಚ್ಚಳ ತೆರೆದುದರಿಂದ ಹೆಚ್ಚೆಂದರೆ ಆ ಒಂದೆರಡು ಹನಿಯಷ್ಟು ನಷ್ಟವಾದೀತು. ಎಲೆ ಅದನ್ನು ಲಕ್ಷಿಸುವುದಿಲ್ಲ. ಆದರೆ ಮುಚ್ಚಳ ಸರಿಯಾಗಿ ಕೂಡದೆ ಕೂದಲೆಳೆಯಷ್ಟು ಸಂದು ಉಳಿದರೆ, ಅದರ ಮೂಲಕ ಹಗಲಿರುಳೂ ನೀರಾವಿ ಸೋರಿ, ಚಳಿಗಾಲ ಮುಗಿಯುವುದರೊಳಗೆ ಪೆಟ್ಟಿಗೆ ಬರಿದಾಗುತ್ತದೆ. ತೆರೆಯುವುದಕ್ಕೆ ಅಂಜಬೇಕಾಗಿಲ್ಲ, ಸೋರುವುದಕ್ಕೆ ಅಂಜಬೇಕು. ಎರಡು, ಹೊಸ ಪೆಟ್ಟಿಗೆಯ ಒಣಮರ ಸಿಗಾರಿನ ನೀರನ್ನೇ ಕುಡಿದುಬಿಡುತ್ತದೆ. ಆದುದರಿಂದ ಸಿಗಾರನ್ನು ಇಡುವ ಮೊದಲು ಬಟ್ಟಿಯಿಳಿಸಿದ ನೀರಿನ ಬಟ್ಟಲೊಂದನ್ನು ಒಳಗಿಟ್ಟು ಕೆಲವು ದಿನ ಮುಚ್ಚಿ, ಮರದ ದಾಹವನ್ನು ತೀರಿಸಬೇಕು. ಮೂರು, ತುಂಬಿದ ಪೆಟ್ಟಿಗೆ ಖಾಲಿ ಪೆಟ್ಟಿಗೆಗಿಂತ ಸ್ಥಿರವಾಗಿರುತ್ತದೆ. ಸಿಗಾರುಗಳೇ ಒಂದಕ್ಕೊಂದು ನೀರಿನ ಭಂಡಾರ.

ಉಪ್ಪಿನ ಉಪಾಯ

ಒದ್ದೆ ಸ್ಪಂಜನ್ನು ಪೆಟ್ಟಿಗೆಯಲ್ಲಿಡುವುದು ಹಳೆಯ ರೂಢಿ. ಅದರ ದೋಷವೇನೆಂದರೆ, ಶುದ್ಧವಾದ ನೀರು ಮುಚ್ಚಿದ ಗಾಳಿಯ ಆರ್ದ್ರತೆಯನ್ನು ಶೇಕಡಾ 100ರತ್ತ ಒಯ್ಯುತ್ತದೆ. ಅದು ಬೂಷ್ಟಿನ ರಾಜ್ಯ. ಇದನ್ನು ತಡೆಯಲು ನೀರಿನೊಡನೆ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಬೆರೆಸುತ್ತಾರೆ. ನೀರಿನ ಮೇಲ್ಮೈಯಲ್ಲಿ ಬೇರೆ ವಸ್ತುವಿನ ಅಣುಗಳೂ ಜಾಗ ಹಿಡಿದಾಗ ಹೊರಗೆ ನೆಗೆಯುವ ನೀರಿನ ಅಣುಗಳ ಸಂಖ್ಯೆ ಇಳಿಯುತ್ತದೆ, ನೀರಾವಿಯ ಒತ್ತಡ ತಗ್ಗುತ್ತದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೌಲ್ಟನು 1880ರ ದಶಕದಲ್ಲಿ ಕಂಡುಹಿಡಿದ ನಿಯಮ ಇದು. ಆದರೆ ನೀರು ಆರಿದಂತೆ ಗ್ಲೈಕಾಲ್ ಹಿಂದೆ ಉಳಿಯುವುದರಿಂದ ಮಿಶ್ರಣದ ಪ್ರಮಾಣ ಬದಲಾಗುತ್ತಲೇ ಇರುತ್ತದೆ. ಆಮೇಲೆ ಬರಿಯ ಬಟ್ಟಿಯಿಳಿಸಿದ ನೀರನ್ನೇ ಸೇರಿಸಬೇಕು. ಕೊಳಾಯಿಯ ನೀರಾದರೆ ಅದರಲ್ಲಿರುವ ಸುಣ್ಣದಂಥ ಲವಣಗಳು ಸ್ಪಂಜಿನ ರಂಧ್ರಗಳಲ್ಲಿ ಕಟ್ಟಿಕೊಳ್ಳುತ್ತವೆ.

ಇದಕ್ಕಿಂತ ಜಾಣತನದ ಉಪಾಯವೊಂದು ನಮ್ಮ ಅಡುಗೆಮನೆಯಲ್ಲಿಯೇ ಇದೆ. ಆಷಾಢದ ಮಳೆಯಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡದ ಗೃಹಿಣಿಯಿಲ್ಲ. ಶುದ್ಧವಾದ ಉಪ್ಪು ನೀರೊಡೆಯುವುದು ಸಾಪೇಕ್ಷ ಆರ್ದ್ರತೆ ಶೇಕಡಾ 75ನ್ನು ದಾಟಿದಾಗ. ಅದಕ್ಕಿಂತ ಕೆಳಗೆ ಒದ್ದೆ ಉಪ್ಪು ಒಣಗತೊಡಗುತ್ತದೆ. ಹಾಗಾದರೆ ಕರಗದ ಹರಳುಗಳೂ ಉಳಿದಿರುವಂತೆ ಉಪ್ಪನ್ನು ನೀರಿನಲ್ಲಿ ಕಲಸಿ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ ಏನಾಗುವುದು? ಗಾಳಿ ಒಣಗಿದರೆ ದ್ರಾವಣ ನೀರನ್ನು ಕೊಡುತ್ತದೆ. ಆಗ ದ್ರಾವಣ ಗಟ್ಟಿಯಾಗುವ ಬದಲು ಇನ್ನಷ್ಟು ಹರಳು ತಳಕ್ಕಿಳಿಯುತ್ತದೆ. ಗಾಳಿ ತೇವವಾದರೆ ದ್ರಾವಣ ನೀರನ್ನು ಹೀರುತ್ತದೆ. ಆಗ ಅದು ತೆಳ್ಳಗಾಗುವ ಬದಲು ಕೆಲವು ಹರಳು ಕರಗುತ್ತದೆ. ಸುಗ್ಗಿಯಲ್ಲಿ ತುಂಬಿಕೊಂಡು ಕೊರತೆಯಲ್ಲಿ ಕೊಡುವ ಕಣಜದಂತೆ, ಹರಳುಗಳು ದ್ರಾವಣದ ಪ್ರಬಲತೆಯನ್ನು ಒಂದೇ ಮಟ್ಟದಲ್ಲಿ ಕಾಯುತ್ತವೆ. ದ್ರಾವಣ ಬದಲಾಗದಿದ್ದರೆ ಅದರ ಮೇಲಿನ ಆರ್ದ್ರತೆಯೂ ಬದಲಾಗದು. ಹರಳೂ ನೀರೂ ಎರಡೂ ಇರುವವರೆಗೆ ಅದು 75ರಲ್ಲಿಯೇ ನಿಲ್ಲುತ್ತದೆ.

ಪ್ರತಿಯೊಂದು ಲವಣಕ್ಕೂ ತನ್ನದೇ ಆದ ಅಂಕಿಯುಂಟು. ಮೆಗ್ನೀಸಿಯಮ್ ಕ್ಲೋರೈಡಿನದು ಸುಮಾರು 33. ಮೆಗ್ನೀಸಿಯಮ್ ನೈಟ್ರೇಟಿನದು ಸುಮಾರು 54. ಪೊಟ್ಯಾಸಿಯಮ್ ಕ್ಲೋರೈಡಿನದು ಸುಮಾರು 85. ಈಚಿನ ವರ್ಷಗಳಲ್ಲಿ ಸಿಗಾರಿಗೆಂದು ಮಾರುವ ಸಣ್ಣ ಪೊಟ್ಟಣಗಳಲ್ಲಿ ಇದೇ ತತ್ತ್ವ ಅಡಗಿದೆ. ಅವುಗಳ ಹೊರಪೊರೆ ನೀರಾವಿಯನ್ನು ಒಳಕ್ಕೂ ಹೊರಕ್ಕೂ ಬಿಡುತ್ತದೆ, ದ್ರವವನ್ನು ಬಿಡುವುದಿಲ್ಲ. ಪೊಟ್ಟಣದ ಮೇಲೆ 65, 69, 72 ಎಂದು ಅಚ್ಚು ಮಾಡಿರುವ ಅಂಕಿಗಳು ಅದು ಕಾಯುವ ಆರ್ದ್ರತೆಯನ್ನು ತಿಳಿಸುತ್ತವೆ. ಪೊಟ್ಟಣ ಪೂರ್ತಿ ಗಟ್ಟಿಯಾದರೆ ಅದರ ನೀರು ತೀರಿತೆಂದು ತಿಳಿಯಬೇಕು.

ಅಳೆಯುವ ಬಗೆ

ತೇವವನ್ನು ಕಣ್ಣಿನಿಂದ ಕಾಣಲಾಗದು. ಅದಕ್ಕೆ ಆರ್ದ್ರತಾಮಾಪಕ ಬೇಕು. ಜಿನೀವಾ ನಗರದ ವಿಜ್ಞಾನಿ ದ ಸೊಸ್ಯೂರನು ಎಣ್ಣೆಯ ಪಸೆ ತೆಗೆದ ಮನುಷ್ಯನ ಕೂದಲಿನಿಂದ ಇಂಥ ಉಪಕರಣವೊಂದನ್ನು ರಚಿಸಿ, 1783ರಲ್ಲಿ ಅದರ ವಿವರವನ್ನು ಪ್ರಕಟಿಸಿದನು. ಪೂರ್ತಿ ಒಣಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಬಂದಾಗ ಕೂದಲು ಶೇಕಡಾ ಎರಡಕ್ಕಿಂತ ಸ್ವಲ್ಪ ಹೆಚ್ಚು ಉದ್ದವಾಗುತ್ತದೆ. ಆ ಸಣ್ಣ ಚಲನೆಯನ್ನು ಮುಳ್ಳೊಂದು ದೊಡ್ಡದು ಮಾಡಿ ತೋರಿಸುತ್ತದೆ. ಕಾಕತಾಳೀಯವೆಂಬಂತೆ, ಅದೇ ಜಿನೀವಾದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಝೀನೊ ಡೇವಿಡಾಫ್ (1906–1994) ಎಂಬ ವರ್ತಕನು ತನ್ನ ಅಂಗಡಿಯ ನೆಲಮಾಳಿಗೆಯ ಹವೆಯನ್ನು ಸಿಗಾರಿಗೆ ಒಪ್ಪುವಂತೆ ಹತೋಟಿಯಲ್ಲಿಟ್ಟು ಹೆಸರಾದನು.

ಇಂದಿನ ಅಗ್ಗದ ಮಾಪಕಗಳು ತಪ್ಪು ತೋರಿಸುವುದುಂಟು. ಆದರೆ ಪರೀಕ್ಷೆ ಸುಲಭ. ಸೀಸೆಯ ಮುಚ್ಚಳವೊಂದರಲ್ಲಿ ಅಡುಗೆಯ ಉಪ್ಪನ್ನು ತುಂಬಿ, ಕೆಸರಿನಂತಾಗುವಷ್ಟು ನೀರು ಹನಿಸಿ, ಮಾಪಕದೊಡನೆ ಗಾಳಿಯಾಡದ ಚೀಲದಲ್ಲಿ ಒಂದು ಹಗಲು ಒಂದು ರಾತ್ರಿ ಮುಚ್ಚಿಡಬೇಕು. ಮಾಪಕ 75ನ್ನು ತೋರಿಸಬೇಕು. 70 ತೋರಿಸಿದರೆ, ಮುಂದೆ ಅದು ಹೇಳುವ ಅಂಕಿಗೆ 5 ಸೇರಿಸಿ ಓದಿಕೊಂಡರಾಯಿತು.

ಮಾಪಕ ಹೇಳುವುದು ಗಾಳಿಯ ಸ್ಥಿತಿಯನ್ನು, ಎಲೆಯ ಸ್ಥಿತಿಯನ್ನಲ್ಲವೆಂಬುದನ್ನು ಮರೆಯಬಾರದು. ಒಂದೆರಡು ಹನಿಯಿಂದ ಗಾಳಿ ತೇವವಾಗಿಬಿಡುತ್ತದೆ. ಒಣಗಿದ ಸಿಗಾರಿನ ತಿರುಳಿಗೆ ನೀರು ತಲುಪಲು ವಾರಗಳು ಬೇಕು. ನೀರಿನ ಅಣುಗಳು ಎಲೆಯ ಪದರಗಳ ಮೂಲಕ ವಿಸರಣೆಯಿಂದ ಸಾಗಬೇಕಲ್ಲವೆ? ವಿಸರಣೆಗೆ ಬೇಕಾಗುವ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಎರಡರಷ್ಟು ದಪ್ಪದ ಸಿಗಾರಿಗೆ ಸುಮಾರು ನಾಲ್ಕರಷ್ಟು ಕಾಲ. ಆದುದರಿಂದ ಒಣಗಿದ ಸಿಗಾರನ್ನು ಅವಸರದಿಂದ ನೆನೆಸಬಾರದು. ಒಳಗೂ ಹೊರಗೂ ಹೆಚ್ಚು ಅಂತರ ಬಾರದಂತೆ ಮೊದಲು ಶೇಕಡಾ 60ರ ಸುಮಾರಿನಲ್ಲಿಟ್ಟು, ಕೆಲವು ವಾರಗಳಲ್ಲಿ ಮೆಲ್ಲಮೆಲ್ಲನೆ 70ರತ್ತ ಏರಿಸಬೇಕು. ತಾಳ್ಮೆಯೇ ಇಲ್ಲಿ ಔಷಧ.

ಪೆಟ್ಟಿಗೆಯನ್ನು ಇಡುವ ಸ್ಥಳವೂ ಮುಖ್ಯ. ಮನೆ ಕಾಯಿಸುವ ಯಂತ್ರದ ಬಳಿ ಇಡಬಾರದು. ಉಷ್ಣತೆ 25 ಡಿಗ್ರಿಯನ್ನು ಮೀರಿದರೆ, ಎಲೆಯಲ್ಲಿ ಅಡಗಿರಬಹುದಾದ ಮೊಟ್ಟೆಗಳೊಡೆದು ಹೊಗೆಸೊಪ್ಪಿನ ಕೀಟ ಹೊರಬಂದು ಸಿಗಾರನ್ನು ತೂತುಮಾಡುವ ಭಯವೂ ಉಂಟು. ಕಿಟಕಿಯ ಬಳಿಯೂ ಸಲ್ಲದು. 20 ಡಿಗ್ರಿಯಲ್ಲಿ ಶೇಕಡಾ 70 ಆರ್ದ್ರತೆಯಿರುವ ಗಾಳಿ 14 ಡಿಗ್ರಿಗೆ ತಣಿದರೆ ಸಾಕು, ಅದರಲ್ಲಿಯ ನೀರು ಇಬ್ಬನಿಯಾಗಿ ಇಳಿಯತೊಡಗುತ್ತದೆ. ಪೆಟ್ಟಿಗೆಯ ಒಂದು ಮಗ್ಗುಲು ತಣ್ಣನೆಯ ಗಾಜಿಗೆ ತಾಗಿದ್ದರೆ, ಮಾಪಕ ಸರಿಯಾಗಿಯೇ ತೋರಿಸುತ್ತಿರುವಾಗ ಆ ಮಗ್ಗುಲಿನಲ್ಲಿ ಬೂಷ್ಟು ಬೆಳೆಯಬಹುದು. ಕೋಣೆಯ ಒಳಗೋಡೆಯ ಕಪಾಟು ಇವೆರಡಕ್ಕಿಂತಲೂ ಮೇಲು.

ಪೆಟ್ಟಿಗೆಯ ಆಚೆಗೆ

ಇಷ್ಟೆಲ್ಲ ಶ್ರಮ ಸಿಗಾರಿಗಾಗಿ ಏಕೆ ಎಂದು ಓದುಗರಿಗೆ ಅನ್ನಿಸಬಹುದು. ಬೆಲೆಯಿಂದಲೂ ಮೋಹದಿಂದಲೂ ಮನುಷ್ಯನು ಅದಕ್ಕೆ ಮಹತ್ತ್ವ ಕೊಟ್ಟಿದ್ದಾನೆ. ಅಮೆರಿಕದ ಅಧ್ಯಕ್ಷ ಕೆನೆಡಿ 1962ರ ಫೆಬ್ರವರಿಯಲ್ಲಿ ಕ್ಯೂಬಾದೊಡನೆ ವ್ಯಾಪಾರವನ್ನು ನಿಷೇಧಿಸುವ ಆಜ್ಞೆಗೆ ಸಹಿ ಹಾಕುವ ಮುನ್ನ ತನಗಾಗಿ 1,200 ಕ್ಯೂಬಾ ಸಿಗಾರುಗಳನ್ನು ತರಿಸಿಕೊಂಡರೆಂದು ಅವರ ಪತ್ರಿಕಾ ಕಾರ್ಯದರ್ಶಿಯಾಗಿದ್ದ ಪಿಯರ್ ಸಾಲಿಂಜರ್ ಬಹುಕಾಲದ ಮೇಲೆ ಬರೆದಿದ್ದಾರೆ. ರಾಜ್ಯದ ಆಜ್ಞೆ ಹಡಗುಗಳನ್ನು ತಡೆಯಬಲ್ಲುದು. ಫೆಬ್ರವರಿಯ ಒಣಗಾಳಿಯನ್ನು ತಡೆಯಲಾರದು. ಅದಕ್ಕೆ ಮುಚ್ಚಳ ಭದ್ರವಾಗಿ ಕೂಡುವ ಪೆಟ್ಟಿಗೆಯೇ ಬೇಕು.

ಆದರೆ ಅದೇ ಕೋಣೆಯಲ್ಲಿ ಪೆಟ್ಟಿಗೆಯ ಹೊರಗೆ ಇರುವ ವಸ್ತುಗಳೂ ಅದೇ ನಿಯಮಕ್ಕೆ ಒಳಪಟ್ಟಿವೆ. ನಮ್ಮವರು ಅನೇಕರು ಇಂದು ಶಿಕಾಗೊ, ಮಿನಿಯಾಪೊಲಿಸ್, ಟೊರಾಂಟೊಗಳಂಥ ಊರುಗಳಲ್ಲಿ ನೆಲಸಿದ್ದಾರೆ. ಅವರೊಡನೆ ಹಲಸಿನ ಮರದ ವೀಣೆಯೂ ಕಡಲು ದಾಟಿ ಹೋಗಿರುವುದುಂಟು. ನಮ್ಮ ಹವೆಗೆ ಹೊಂದಿಕೊಂಡಿದ್ದ ಆ ಮರ ಅಲ್ಲಿಯ ಮೊದಲ ಚಳಿಗಾಲದಲ್ಲಿಯೇ ತನ್ನ ತೇವವನ್ನು ಕಳೆದುಕೊಂಡು ಕುಗ್ಗುತ್ತದೆ; ಅಂಟು ಬಿಡುತ್ತದೆ, ಕೊಡ ಬಿರಿಯುತ್ತದೆ. ವಾದ್ಯಗಳಿಗೆ ಶೇಕಡಾ 40ರಿಂದ 50ರ ಆರ್ದ್ರತೆ ಸಾಕು. ಮುಚ್ಚಳ ಭದ್ರವಾದ ವಾದ್ಯಪೆಟ್ಟಿಗೆ, ಅದರೊಳಗೆ ತಕ್ಕ ಅಂಕಿಯ ಲವಣದ ಪೊಟ್ಟಣ, ಪರೀಕ್ಷಿಸಿದ ಮಾಪಕ, ಇವು ಮೂರಿದ್ದರೆ ಸಿಗಾರನ್ನು ಕಾಯುವ ವಿದ್ಯೆಯೇ ವೀಣೆಯನ್ನೂ ಕಾಯುತ್ತದೆ.

ಇನ್ನು ಮನುಷ್ಯನ ಮಾತು. ಒಣಗಾಳಿ ಎಲೆಯ ನೀರನ್ನು ಸೆಳೆಯುವಂತೆಯೇ ನಮ್ಮ ತುಟಿ, ಮೂಗು, ಗಂಟಲುಗಳ ನೀರನ್ನೂ ಸೆಳೆಯುತ್ತದೆ. ನ್ಯೂಯಾರ್ಕಿನ ಸಂಶೋಧಕರು ಗಿನಿ ಹಂದಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, 20 ಡಿಗ್ರಿ ಉಷ್ಣತೆಯಲ್ಲಿ ಗಾಳಿಯ ಆರ್ದ್ರತೆ ಶೇಕಡಾ 20ರಷ್ಟಿದ್ದಾಗ ಇನ್‌ಫ್ಲುಯೆಂಜ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸುಲಭವಾಗಿ ಹರಡಿತು. ಶೇಕಡಾ 80ರಲ್ಲಿ ಹರಡಲೇ ಇಲ್ಲ. ಮನೆಯ ಗಾಳಿಯನ್ನು ಅಷ್ಟು ಎತ್ತರಕ್ಕೆ ಏರಿಸುವುದು ಸಾಧ್ಯವೂ ಅಲ್ಲ, ಹಿತವೂ ಅಲ್ಲ. ಕಿಟಕಿಯ ಗಾಜು ಬೆವರದಷ್ಟರ ಮಟ್ಟಿಗೆ, ಶೇಕಡಾ 30ರಿಂದ 40ರವರೆಗೆ, ತೇವವನ್ನು ಕಾಪಾಡಿಕೊಂಡರೆ ಗಂಟಲಿಗೆ ಬಹಳ ನೆಮ್ಮದಿ.

ಪೆಟ್ಟಿಗೆಯೊಳಗಿನ ಎಲೆಗೆ ಶೇಕಡಾ 70ರ ಆರೈಕೆ ನಡೆಯುತ್ತಿರುವಾಗ, ಪಕ್ಕದ ಕುರ್ಚಿಯಲ್ಲಿ ಕುಳಿತವರು ಶೇಕಡಾ 15ರ ಗಾಳಿಯನ್ನು ಉಸಿರಾಡುತ್ತ ಕೆಮ್ಮುವುದು ಶೀತದೇಶದ ಎಷ್ಟೋ ಮನೆಗಳ ಚಿತ್ರ. ಸಿಗಾರಿಗೆಂದು ಕೊಂಡ ಮಾಪಕವನ್ನು ಒಂದು ದಿನದ ಮಟ್ಟಿಗೆ ಪೆಟ್ಟಿಗೆಯಿಂದ ತೆಗೆದು ಕೋಣೆಯ ಗೋಡೆಗೆ ತೂಗುಹಾಕಿ ನೋಡುವುದು ಒಳ್ಳೆಯದು. ಅದು ತೋರಿಸುವ ಅಂಕಿ ಎಲೆಗಿಂತ ಮೊದಲು ಯಾರ ಕಡೆಗೆ ಗಮನ ಕೊಡಬೇಕೆಂಬುದನ್ನು ತಾನೇ ಹೇಳುತ್ತದೆ.